ಅಗತ್ಯ ಪಕ್ಷಕಾರ ಪರಮೇಶ್ವರಪ್ಪ

ದಾವಣಗೆರೆಯ ಶಾಮನೂರಿನ ಹೊಸ ಬಡಾವಣೆಯಲ್ಲಿ ನಾವಿರುವ ಬೀದಿಗೆ ಆರನೇ ಕ್ರಾಸ್ ಎಂದು ಹೆಸರು. ಐದನೇ ಕ್ರಾಸ್ ಎಲ್ಲಿದೆ ಎಂಬುದು ನಕ್ಷೆ ಬರೆದವನಿಗೂ ಗೊತ್ತಿಲ್ಲ. ಇಂಥ ಬೀದಿಯ ಒಬ್ಬ ಮನುಷ್ಯ ಎರಡು ಪಕ್ಷಗಳಿಗೆ ಒಟ್ಟಿಗೇ ಬೇಕಾದವನಾಗಿ ಹನ್ನೆರಡು ದಿನ ಮೆರೆದ ಸಂಗತಿಯನ್ನು, ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು ಬರೆದಿಡದಿದ್ದರೆ ಬೇರೆ ಯಾರಾದರೂ ಬರೆಯುತ್ತಾರೆ. ನನ್ನನ್ನೂ ಸೇರಿಸಿ ಬರೆಯುತ್ತಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಆ ಮನುಷ್ಯ ಪರಮೇಶ್ವರಪ್ಪ. ವಯಸ್ಸು ಐವತ್ತೆಂಟು. ಕರೂರು ಕೈಗಾರಿಕಾ ಪ್ರದೇಶದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇಟ್ಟಿದ್ದಾರೆ. ದಿನಾ ನೂರಾರು ಟನ್ ಭಾರವನ್ನು ಅಲುಗಾಡದಂತೆ ನಿಲ್ಲಿಸಿ ತೂಗುವ ಈ ಮನುಷ್ಯನಿಗೆ ತಾನು ಮಾತ್ರ ಎರಡು ನಿಮಿಷ ಒಂದೇ ಕಡೆ ನಿಂತು ಗೊತ್ತಿಲ್ಲ. ಟೀ ಕುಡಿಯುವುದೂ ಓಡಾಡುತ್ತಲೇ, ಪೇಪರ್ ಓದುವುದೂ ಓಡಾಡುತ್ತಲೇ. ಅವರ ವರಾಂಡದ ಟೈಲ್ಸ್‌ನಲ್ಲಿ ಒಂದು ಸಾಲು ಮಾತ್ರ ಸವೆದು ಬೆಳ್ಳಗಾಗಿದೆ. ಇದರ ಮೇಲೆ ಸಾರ್ವಜನಿಕ ಸೇವೆಯ ಹಂಬಲ ಬೇರೆ. ಹೋದ ವರ್ಷ ಸಂಘದ ಅಧ್ಯಕ್ಷಗಿರಿಗೆ ನಿಂತು, ರುದ್ರಮುನಿಯವರ ಎದುರು ಒಂದು ಮತದಿಂದ ಸೋತರು. ಆ ಒಂದು ಮತ ಯಾರದೆಂದು ಮನೆಮನೆಗೆ ಹೋಗಿ ವಿಚಾರಣೆ ಶುರುಮಾಡಿದಾಗ ಅವರ ಹೆಂಡತಿ ಗುರುಶಾಂತಮ್ಮ, "ಸುಮ್ನೆ ಯಾಕ ತಿರುಗಾಡ್ತೀರಿ? ಅದು ನಂದೇ ವೋಟು. ಗೆದ್ದಿದ್ರೆ ಊಟಕ್ಕಾದ್ರೂ ಮನೀಗೆ ಬರ್ತಿದ್ರೇನು ನೀವು?" ಎಂದು ವಿಚಾರಣೆಯನ್ನು ಮುಗಿಸಿದ್ದರು.

ಪಾಲಿಕೆ ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಊರೆಲ್ಲ ಮಾತಾಡುತ್ತಿದ್ದ ದಿನಗಳು. ಒಂದು ಶನಿವಾರ ಮಧ್ಯಾಹ್ನ ವೇಬ್ರಿಡ್ಜಿನ ಮೇಲೆ ಮೆಕ್ಕೆಜೋಳದ ಲಾರಿ ನಿಂತಿತ್ತು. ಅದರ ಹಿಂದೆ ನಾಲ್ಕು ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಆಗ ಫೋನ್ ಬಂತು.

ಫೋನ್ ಮಾಡಿದವನು ಹರಿಹರದ ವಕೀಲೆ ಸ್ವಾತಿಯವರ ಗುಮಾಸ್ತ ನಿಂಗರಾಜು. ಅವನು ಹೇಳಿದ್ದು ಇಷ್ಟು: "ಸರ್, ಹರಿಹರ ಕೋರ್ಟಿಂದ, ಸ್ವಾತಿ ಮೇಡಂ ಆಫೀಸಿಂದ ಮಾತಾಡಾದು. ಒಂದು ದಾವೆ ನಡೀತೈತೆ. ನಿಮ್ಮನ್ನ ಪಕ್ಷಕಾರ ಅಂತ ಸೇರಿಸ್ಕೋಬೇಕು, ನೀವಿಲ್ದೆ ಮುಂದಕ್ಕೆ ಹೋಗಾಕೆ ಬರಂಗಿಲ್ಲ ಅಂತ ದೊಡ್ಡೋರೇ ಹೇಳ್ಯಾರೆ."

ನಾಲ್ಕು ಹಾರನ್ನುಗಳನ್ನು ದಾಟಿ ಪರಮೇಶ್ವರಪ್ಪನವರ ಕಿವಿಗೆ ತಲುಪಿದ್ದು ಇಷ್ಟು: "ಸರ್, ಹರಿಹರ... ಪಕ್ಷ... ನಿಮ್ಮನ್ನ ಸೇರಿಸ್ಕೋಬೇಕು... ನೀವಿಲ್ದೆ ಮುಂದಕ್ಕೆ ಹೋಗಾಕೆ ಬರಂಗಿಲ್ಲ ಅಂತ ದೊಡ್ಡೋರೇ ಹೇಳ್ಯಾರೆ."

ಪರಮೇಶ್ವರಪ್ಪ ತೂಕದ ಚೀಟಿಯನ್ನು ಕೈಯಲ್ಲೇ ಮುದುಡಿಕೊಂಡು, "ಬಾಯಿಮಾತು ಬ್ಯಾಡ. ಬರವಣಿಗೇಲಿ ಕಳಿಸ್ರಿ" ಎಂದರು. ದೊಡ್ಡವರ ಜೊತೆ ವ್ಯವಹಾರ ಮಾಡುವಾಗ ಹೀಗೆ ಗಟ್ಟಿಯಾಗಿ ಮಾತಾಡಬೇಕೆಂದು ಅವರಿಗೆ ಗೊತ್ತಿತ್ತು.

ನಿಂಗರಾಜು ಕೋರ್ಟಿನ ನೋಟಿಸನ್ನು ಮೇಜಿನ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಎಡಗೈ ಹೆಬ್ಬೆರಳಿನಿಂದ ಒತ್ತಿಹಿಡಿದು, ಬಲಗೈಯಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಅವನು ದಷ್ಟಪುಷ್ಟವಾದ ಮನುಷ್ಯ. ನ್ಯಾಯಾಲಯದ ಹೆಸರು, ದಾವೆಯ ನಂಬರು, ವಾದಿ, ಪ್ರತಿವಾದಿ, ಎಲ್ಲವೂ ಆ ಹೆಬ್ಬೆರಳಿನ ಕೆಳಗೇ ಉಳಿದವು. ಉಳಿದದ್ದು ಸ್ಪಷ್ಟವಾಗಿಯೇ ಬಂದಿತ್ತು:

"...ಶ್ರೀ ಪರಮೇಶ್ವರಪ್ಪ, ಇವರು ಅಗತ್ಯ ಪಕ್ಷಕಾರರಾಗಿದ್ದು, ಇವರನ್ನು ಸೇರಿಸಿಕೊಳ್ಳದೆ ಮುಂದುವರಿಯಲು ಸಾಧ್ಯವಿರುವುದಿಲ್ಲ. ಆದ್ದರಿಂದ ಇವರನ್ನು ಪಕ್ಷಕಾರರನ್ನಾಗಿ ಸೇರಿಸಿಕೊಳ್ಳಲು ಆದೇಶವಾಗಿದೆ. ದಿನಾಂಕ ಹದಿನೆಂಟರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಉಭಯ ಪಕ್ಷಕಾರರೂ ಹಾಜರಿರತಕ್ಕದ್ದು. ಗೈರುಹಾಜರಾದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು."

ಪರಮೇಶ್ವರಪ್ಪ ಮೆಕ್ಕೆಜೋಳದ ಲಾರಿಯನ್ನು ವೇಬ್ರಿಡ್ಜಿನ ಮೇಲೇ ಬಿಟ್ಟು ಸ್ಕೂಟರ್ ಹತ್ತಿದರು.

ಅವರ ಪಕ್ಕದ ಮನೆ ಹಯಾತ್ ಸಾಬರದು. ಮಂಡಕ್ಕಿ ವ್ಯಾಪಾರಿ, ಮೂವತ್ತು ವರ್ಷದ ಗೆಳೆಯ. ಸಂಜೆ ನಾನು ಹೋದಾಗ ಹಯಾತ್ ಸಾಬರು ಕಾಂಪೌಂಡಿನ ಈಚೆ ಕುರ್ಚಿಯಲ್ಲಿ ಕೂತಿದ್ದರು. ಪರಮೇಶ್ವರಪ್ಪ ಕಾಂಪೌಂಡಿನ ಆಚೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಮಾತು ಹತ್ತಿರ ಬಂದಾಗ ಕೇಳಿಸುತ್ತಿತ್ತು, ದೂರ ಹೋದಾಗ ಕೇಳಿಸುತ್ತಿರಲಿಲ್ಲ.

ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿದ ಹಯಾತ್ ಸಾಬರು, "ಪರಮಣ್ಣ, ಇದ್ರಾಗೆ ಪಕ್ಷಕಾರ ಅಂತ ಐತೆ. ಪಕ್ಷದೋರು ಅಂತ ಇಲ್ಲ. ಅನುಮಾನ ಬರ್ತೈತಪ್ಪ" ಎಂದರು.

"ಅದ್ರಾಗೇನು ಅನುಮಾನ? ಚಿತ್ರಕಾರ ಅಂದ್ರೆ ಯಾರು? ಚಿತ್ರ ಬರಿಯೋನು. ನೇಕಾರ ಅಂದ್ರೆ? ನೇಯೋನು. ಪಕ್ಷಕಾರ ಅಂದ್ರೆ ಪಕ್ಷ ಕಟ್ಟೋನು! ಬಾವುಟ ಹಿಡಿಯೋ ಕಾರ್ಯಕರ್ತ ಅಲ್ಲ ಸಾಬ್ರೇ, ಅದಕ್ಕಿಂತ ನಾಕು ಮೆಟ್ಲು ಮ್ಯಾಲಿಂದು."

"ಆತು. ಯಾವ ಪಕ್ಷ?"

ಪರಮೇಶ್ವರಪ್ಪ ಕಾಂಪೌಂಡಿನ ತುದಿಗೆ ಹೋಗಿ ಬಂದರು. "ಓದ್ರಿ ಮುಂದೆ. ಉಭಯ. ಉಭಯ ಅಂದ್ರೆ ಎರಡು. ಎರಡೂ ಪಕ್ಷದೋರು ಬರ್ತಾರಂತೆ. ನನಗೋಸ್ಕರ ಅಲ್ಲಿ ಜಗ್ಗಾಟ ನಡ್ದೈತೆ."

ನಾನು ಕೇಳಿದೆ, "ಈ ಏಕಪಕ್ಷೀಯ ಅನ್ನೋದು?"

"ಅದೇ, ಕಾರ್ಯದರ್ಶಿಗಳೇ, ಭಯ ಹುಟ್ಟಿಸೋದು" ಎಂದು ಪರಮೇಶ್ವರಪ್ಪ ದನಿ ತಗ್ಗಿಸಿದರು. "ನಾನು ಹೋಗಲಿಲ್ಲ ಅಂದ್ರೆ ದೇಶದಾಗೆ ಒಂದೇ ಪಕ್ಷ ಉಳಿತೈತಂತೆ. ಪ್ರಜಾಪ್ರಭುತ್ವದ ಗತಿ ಏನು?"

ಹಯಾತ್ ಸಾಬರು ಫೋನನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದರು. ಒಳಗಿಂದ ಗುರುಶಾಂತಮ್ಮ ಮಾತ್ರ ಅವರೆಕಾಯಿ ಸುಲಿಯುತ್ತಲೇ, "ಹರಿಹರದಾಗೆ ನಿಮ್ಮ ಹೆಸರಿಗೆ ಒಂದು ಸೈಟಿತ್ತಲ್ರೀ, ಅದರ ವಿಷಯ ಏನಾರ ಇರಬೇಕು ನೋಡ್ರಿ" ಎಂದರು.

"ಅದನ್ನ ಮಾರಿ ಇಪ್ಪತ್ತೆರಡು ವರ್ಷಾತು! ದೇಶದ ಮಾತು ಆಡೋವಾಗ ಸೈಟಿನ ಮಾತು ತೆಗಿಬ್ಯಾಡ."

ಮರುದಿನ ಬೆಳಿಗ್ಗೆ ಹೊತ್ತಿಗೆ ಆರನೇ ಕ್ರಾಸಿಗೆಲ್ಲ ಗೊತ್ತಾಗಿತ್ತು. ಗೊತ್ತುಮಾಡಿದ್ದು ನಾನಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋ ಹಾಕಿದ್ದಷ್ಟೇ ನಾನು.

ಮೊದಲು ಬಂದವನು ನೀರು ಬಿಡುವ ಬಕ್ಕೇಶ್. ನಮ್ಮ ಬಡಾವಣೆಯಲ್ಲಿ ಹನ್ನೊಂದು ದಿನಕ್ಕೊಮ್ಮೆ ನೀರು ಬರುತ್ತದೆ. ಬಂದಾಗಲೂ ಬಕ್ಕೇಶನ ಮುಖದಲ್ಲಿ ಉಪಕಾರ ಮಾಡಿದ ಆಯಾಸವಿರುತ್ತದೆ. ಅಂಥವನು ಗೇಟಿನ ಹೊರಗೆ ಚಪ್ಪಲಿ ಬಿಟ್ಟು, "ಸಾಹೇಬ್ರೇ, ಪ್ರೆಷರ್ ಸಾಕಾ?" ಎಂದು ಕೇಳಿದ. ಆ ವಾರ ನಮ್ಮ ಬೀದಿಗೆ ನಾಲ್ಕು ಸಲ ನೀರು ಬಂತು. ತುಂಬಿಸಲು ಪಾತ್ರೆ ಸಾಲದೆ ಜನ ರಸ್ತೆ ತೊಳೆದರು.

ಆಮೇಲೆ ಬಂದವರು ಅಧ್ಯಕ್ಷ ರುದ್ರಮುನಿ. ಹತ್ತು ತಿಂಗಳಿಂದ ಪರಮೇಶ್ವರಪ್ಪನವರನ್ನು ಕಂಡರೆ ಮುಖ ತಿರುಗಿಸಿ ಮರದ ಹಕ್ಕಿ ನೋಡುತ್ತಿದ್ದವರು, ಈಗ ಒಂದು ಡಜನ್ ಬಾಳೆಹಣ್ಣು ತಂದಿದ್ದರು.

"ಬರ್ರಿ, ಕೂಡ್ರಿ" ಎಂದರು ಪರಮೇಶ್ವರಪ್ಪ, ತಾವು ಕೂರದೆ.

"ಪರಮೇಶ್ವರಪ್ಪನೋರೇ, ಸಂಘದ ಚುನಾವಣೆ ಬ್ಯಾರೆ, ನಮ್ಮ ಪ್ರೀತಿ ಬ್ಯಾರೆ. ನೀವು ಕಾರ್ಪೊರೇಟರ್ ಆದ್ರೆ ನಮ್ಮ ಮನಿ ಮುಂದಿನ ಚರಂಡಿ..."

"ಮೊದ್ಲು ಸೇರಿಸ್ಕೊಳ್ಳಲಿ, ಆಮ್ಯಾಲೆ ಚರಂಡಿ" ಎಂದು ಪರಮೇಶ್ವರಪ್ಪ ಒಂದು ಬಾಳೆಹಣ್ಣು ಸುಲಿದು ತಿನ್ನುತ್ತ ಅಡುಗೆಮನೆಯವರೆಗೆ ಹೋಗಿ ಬಂದರು.

ಬೀದಿದೀಪ, ಬೀದಿನಾಯಿ, ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಯಾರೋ ಕಟ್ಟಿದ ಎಮ್ಮೆ, ಹೀಗೆ ಮನವಿಗಳು ಬರತೊಡಗಿದವು. ನಾನು ಅವನ್ನೆಲ್ಲ ಫೈಲಿಗೆ ಹಾಕಿದೆ. ಆದರೆ ದಿನ ಹತ್ತಿರ ಬಂದಂತೆ ಪರಮೇಶ್ವರಪ್ಪನವರಿಗೆ ಚಡಪಡಿಕೆ ಹೆಚ್ಚಾಯಿತು. ಊಟದ ಮಧ್ಯೆ ಎದ್ದು ಹೋಗಿ ಗೇಟು ನೋಡಿ ಬರುತ್ತಿದ್ದರು. ವೇಬ್ರಿಡ್ಜಿನಲ್ಲಿ ಒಂದು ಖಾಲಿ ಲಾರಿಯನ್ನು ಮೂರು ಸಲ ತೂಗಿದರಂತೆ. ಯಾವ ಪಕ್ಷವೆಂದು ಅವರಿಗೇ ತಿಳಿಯದು. ಕೇಳಿದರೆ ತಿಳಿಯದೆಂಬುದು ತಿಳಿದುಹೋಗುತ್ತದೆ. ಕೊನೆಗೆ ತಡೆಯಲಾರದೆ ನನ್ನೆದುರೇ ನಿಂಗರಾಜುವಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದರು.

"ನಾನು ಪರಮೇಶ್ವರಪ್ಪ. ಅವತ್ತು ನಮ್ಮ ಜನ ಕರ್ಕೊಂಡು ಬರಬಹುದಾ?"

ಸಾಕ್ಷಿಗಳ ಮಾತೆಂದುಕೊಂಡ ನಿಂಗರಾಜು, "ಎಷ್ಟು ಜನ ಬೇಕಾದ್ರೂ ಕರ್ಕಂಬರ್ರಿ ಸರ್. ಜಾಸ್ತಿ ಇದ್ದಷ್ಟೂ ನಮಗೆ ಬಲ" ಎಂದ.

"ಕಾರ್ಯಕ್ರಮ ಹೆಂಗಿರ್ತೈತೆ?"

"ಏನಿಲ್ಲ ಸರ್. ಮೊದ್ಲು ನಿಮ್ಮ ಹೆಸ್ರು ಕೂಗ್ತಾರೆ, ಮೂರು ಸಲ."

"ಮೂರು ಸಲ?"

"ಹೂಂ, ಜೋರಾಗೇ ಕೂಗ್ತಾರೆ, ಹೊರಗೆಲ್ಲ ಕೇಳ್ಬೇಕಲ್ಲ. ಆಮ್ಯಾಲೆ ನೀವು ಒಳಗೆ ಬಂದು ಕೈ ಮುಗಿದು ನಿಂತ್ಕಳ್ರಿ. ಲೊಕೇಶನ್ ಕಳಿಸ್ತೀನಿ."

ಫೋನ್ ಇಟ್ಟ ಮೇಲೆ ಪರಮೇಶ್ವರಪ್ಪ ನನ್ನ ಕೈ ಹಿಡಿದುಕೊಂಡು, "ಮೂರು ಸಲ, ಕಾರ್ಯದರ್ಶಿಗಳೇ" ಎಂದರು. ಕಣ್ಣು ಒದ್ದೆಯಾಗಿತ್ತು.

ಹದಿನೆಂಟನೇ ತಾರೀಖು ಗುರುವಾರ ಬೆಳಿಗ್ಗೆ ಆರನೇ ಕ್ರಾಸಿನಿಂದ ಹೊರಟದ್ದು: ರುದ್ರಮುನಿಯವರ ಬೊಲೆರೊ ಒಂದು, ಆಟೊ ಎರಡು, ಹದಡಿಯಿಂದ ಬಂದ ಡೊಳ್ಳಿನ ತಂಡ ಕೂತಿದ್ದ ಟೆಂಪೊ ಒಂದು, ಬೈಕುಗಳು ಹಲವು. ಒಟ್ಟು ನಲವತ್ತು ಜನ. ಹಯಾತ್ ಸಾಬರು ಎರಡು ಚೀಲ ಮಂಡಕ್ಕಿ, ಒಂದು ಬುಟ್ಟಿ ಮೆಣಸಿನಕಾಯಿ ಬಜ್ಜಿ ಹೇರಿಸಿದ್ದರು. ಪರಮೇಶ್ವರಪ್ಪನವರದು ಬಿಳಿ ಅಂಗಿ, ಕೊರಳಲ್ಲಿ ಎರಡು ಬಣ್ಣದ ಹೂವಿನ ಹಾರ. ಯಾವ ಪಕ್ಷವಾದರೂ ಹೊಂದಲಿ ಎಂದು ಅದನ್ನು ಕಟ್ಟಿಸಿದ್ದು ನಾನೇ. ಗುರುಶಾಂತಮ್ಮ ಬರಲಿಲ್ಲ. "ಬರೋವಾಗ ಹರಿಹರದ ಬದನೆಕಾಯಿ ಸಿಕ್ರೆ ತರ್ರಿ" ಎಂದರು, ಅಷ್ಟೆ.

ಪಿ.ಬಿ. ರಸ್ತೆಯಲ್ಲಿ ಎದುರಾದವರೆಲ್ಲ ಮದುವೆ ದಿಬ್ಬಣವೆಂದುಕೊಂಡು ದಾರಿ ಬಿಟ್ಟರು. ಹರಿಹರ ತಲುಪಿ ಲೊಕೇಶನ್ ತೋರಿಸಿದಲ್ಲಿ ಇಳಿದೆವು. ಎದುರಿಗೆ ದೊಡ್ಡ ಗೇಟು. ಗೇಟಿನ ಮೇಲೆ "ನ್ಯಾಯಾಲಯ ಸಂಕೀರ್ಣ" ಎಂಬ ಬೋರ್ಡು.

ಹಯಾತ್ ಸಾಬರು ಬೋರ್ಡನ್ನು ಓದಿ, "ಪರಮಣ್ಣ" ಎಂದು ಮೆಲ್ಲಗೆ ಕರೆದರು.

ಪರಮೇಶ್ವರಪ್ಪ ಒಂದು ಕ್ಷಣ ಮಾತ್ರ ತಡವರಿಸಿದರು. "ಸರಿಯಾಗೇ ಐತೆ. ಈಗಿನ ಕಾಲದಾಗೆ ಬೆಳಿಗ್ಗೆ ಒಂದು ಪಕ್ಷ ಸೇರ್ತಾರೆ, ಸಂಜೀಗೆ ಇನ್ನೊಂದು. ಅದಕ್ಕೇ ಜಡ್ಜ್ ಎದುರಿಗೇ ಸೇರಿಸ್ಕೊಳ್ಳೋ ಪದ್ಧತಿ ತಂದಾರೆ. ಗಟ್ಟಿ ಇರ್ಲಿ ಅಂತ."

ಈ ವಿವರಣೆ ಎಷ್ಟು ಸಮರ್ಪಕವಾಗಿತ್ತೆಂದರೆ ರುದ್ರಮುನಿಯವರು "ಒಳ್ಳೇ ಕ್ರಮ" ಎಂದರು. ಡೊಳ್ಳಿನವರು ಒಂದು ಏಟು ಹಾಕಿದರು. ಗೇಟಿನ ಪೊಲೀಸ್ ಓಡಿಬಂದು ಡೊಳ್ಳನ್ನೇ ಅಪ್ಪಿಕೊಂಡು ನಿಲ್ಲಿಸಿದ.

"ಏನ್ರೀ ಇದು? ಯಾರು ನೀವು?"

"ಪಕ್ಷಕಾರರು" ಎಂದರು ಪರಮೇಶ್ವರಪ್ಪ, ಎದೆಯುಬ್ಬಿಸಿ.

ಪೊಲೀಸನಿಗೆ ಆ ಶಬ್ದ ದಿನಾ ಕೇಳಿ ಅಭ್ಯಾಸ. "ಪಕ್ಷಕಾರರು ಒಬ್ರು ಹೋಗ್ರಿ. ಉಳಿದೋರು ಹೊರಗೆ, ಸದ್ದಿಲ್ದಂಗೆ" ಎಂದ. ಅವನೂ ಆ ಶಬ್ದವನ್ನೇ ಹೇಳಿದ್ದರಿಂದ ನಮಗೆಲ್ಲ ಉಳಿದಿದ್ದ ಅನುಮಾನವೂ ಹೋಯಿತು. ಸದ್ದಿಲ್ಲದೆ ನಾವು ನಲವತ್ತು ಜನ ಒಳಗೆ ಹೋಗಿ ಕೋರ್ಟ್ ಹಾಲಿನ ಹೊರಗಿನ ಪಡಸಾಲೆಯಲ್ಲಿ ಒತ್ತಾಗಿ ನಿಂತೆವು.

ಹನ್ನೊಂದೂಕಾಲಕ್ಕೆ ಬಿಳಿ ಸಮವಸ್ತ್ರದ ಜವಾನ ಬಾಗಿಲಿಗೆ ಬಂದು ಕತ್ತು ಚಾಚಿ ಕೂಗಿದ:

"ಪರಮೇಶ್ವರಪ್ಪಾ!"

ನಮ್ಮ ಕಡೆಯಿಂದ ನಲವತ್ತು ಕಂಠಗಳು: "ಜಯವಾಗಲಿ!"

ಜವಾನ ಬೆದರಿದ. ಆದರೆ ಇಪ್ಪತ್ತು ವರ್ಷದ ರೂಢಿ ಬಿಡುತ್ತದೆಯೇ? "ಪರಮೇಶ್ವರಪ್ಪಾ!"

"ಜಯವಾಗಲಿ!"

ಮೂರನೆಯ ಸಲ ಅವನು ಬಹಳ ಮೆಲ್ಲಗೆ, ಬೇಡಿಕೊಳ್ಳುವ ದನಿಯಲ್ಲಿ ಕರೆದ. "ಜಯವಾಗಲಿ" ಮಾತ್ರ ಮೊದಲಿನದಕ್ಕಿಂತ ಜೋರಾಗಿತ್ತು. ಪಡಸಾಲೆಯ ಪಾರಿವಾಳಗಳೆಲ್ಲ ಎದ್ದುಹೋದವು. ಪರಮೇಶ್ವರಪ್ಪ ಎರಡೂ ಕೈ ಮೇಲೆತ್ತಿ ಮುಗಿಯುತ್ತ ಒಳಗೆ ಹೋದರು.

ನ್ಯಾಯಾಧೀಶೆ ನಲವತ್ತರ ಆಸುಪಾಸಿನ ಹೆಂಗಸು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ಹಾರ ಯಾಕೆ?"

"ತಾವು ಹಾಕೋದಿದ್ರೆ ಇದನ್ನ ತೆಗಿತೀನಿ ತಾಯಿ."

"ನಿಮ್ಮ ಮೇಲೆ ನ್ಯಾಯಾಂಗ ನಿಂದನೆ ಹಾಕಬೇಕಾಗುತ್ತದೆ. ತೆಗೆಯಿರಿ. ಹೊರಗೆ ಕೂಗಿದವರು ಯಾರು?"

"ನಮ್ಮ ಜನ."

"ನೀವು ಯಾರ ಪರವಾಗಿ ಬಂದಿದ್ದೀರಿ?"

ಇದು ಸೂಕ್ಷ್ಮ ಪ್ರಶ್ನೆ. ಪರಮೇಶ್ವರಪ್ಪ ಎಡಗಡೆಯ ಕರಿಕೋಟುಗಳನ್ನು ನೋಡಿದರು, ಬಲಗಡೆಯ ಕರಿಕೋಟುಗಳನ್ನು ನೋಡಿದರು. ಬಣ್ಣದಿಂದ ಏನೂ ತಿಳಿಯುವಂತಿರಲಿಲ್ಲ. "ಎರಡೂ ಪಕ್ಷದ ಮ್ಯಾಲೂ ಗೌರವ ಐತೆ ತಾಯಿ. ದೊಡ್ಡೋರು ಯಾವುದಕ್ಕೆ ಸೇರು ಅಂತೀರೋ ಅದಕ್ಕೆ ಸೇರ್ತೀನಿ. ಟಿಕೆಟ್ಟು ನಮ್ಮ ವಾರ್ಡಿಂದೇ ಆಗ್ಬೇಕು."

 ಹಿಂದಿನ ಬೆಂಚಿನ ಕಿರಿಯ ವಕೀಲರೊಬ್ಬರು ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿತ್ತು. ನ್ಯಾಯಾಧೀಶೆಗೆ ಅರ್ಥವಾಯಿತೆಂದು ಕಾಣುತ್ತದೆ. ನಗು ತಡೆದುಕೊಂಡೇ ಹೇಳಿದರು:

"ನೋಡಿ, ಪಕ್ಷಕಾರ ಎಂದರೆ ದಾವೆಯಲ್ಲಿ ಒಂದು ಕಡೆ ಇರುವ ವ್ಯಕ್ತಿ. ದಾವೆ ಹಾಕಿದವರು ವಾದಿ, ಅವರೊಬ್ಬ ಪಕ್ಷಕಾರರು. ಯಾರ ಮೇಲೆ ಹಾಕಿದರೋ ಅವರು ಪ್ರತಿವಾದಿ, ಅವರೂ ಪಕ್ಷಕಾರರೇ. ಅಗತ್ಯ ಪಕ್ಷಕಾರ ಎಂದರೆ ಆ ವ್ಯಕ್ತಿ ಇಲ್ಲದೆ ದಾವೆ ತೀರ್ಮಾನ ಮಾಡಲಾಗುವುದಿಲ್ಲ ಎಂದು. ನೀವು ಈ ದಾವೆಯಲ್ಲಿ ಎರಡನೇ ಪ್ರತಿವಾದಿ. ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ."

"ಅಂದ್ರೆ... ನನ್ನ ಮ್ಯಾಲೆ ಕೇಸಾ?"

ದಾವೆ ಹಾಕಿದವರ ವಕೀಲೆ ಸ್ವಾತಿ ಎದ್ದುನಿಂತು ವಿವರ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಪರಮೇಶ್ವರಪ್ಪ ಹರಿಹರದಲ್ಲಿ ತಮಗಿದ್ದ ಸಣ್ಣ ಸೈಟನ್ನು ಒಬ್ಬ ದರ್ಜಿಗೆ ಕರಾರುಪತ್ರದ ಮೇಲೆ ಕೊಟ್ಟಿದ್ದರು. ಪೂರ್ತಿ ಹಣ ಮುಟ್ಟಿತ್ತು; ನೋಂದಣಿ ಮಾತ್ರ ಆಗಲಿಲ್ಲ. ದರ್ಜಿ ಅಲ್ಲಿ ಎರಡು ಕೋಣೆ ಕಟ್ಟಿಕೊಂಡ, ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಈಗ ಅಲ್ಲಿ ಅವನ ಹೆಂಡತಿ ಮಾಬೂಬೀ ಒಬ್ಬರೇ ಇದ್ದಾರೆ. ಪಕ್ಕದ ಬಿದಿರು ಗೋದಾಮಿನ ಯಜಮಾನ, "ಕಾಗದದಲ್ಲಿ ಇನ್ನೂ ಯಾರೋ ಪರಮೇಶ್ವರಪ್ಪನ ಹೆಸರಿದೆ, ನೀನ್ಯಾರು ಇಲ್ಲಿರಲು" ಎಂದು ಅವರ ಬಾಗಿಲಿಗೆ ಅಡ್ಡವಾಗಿ ಬಿದಿರು ಪೇರಿಸಿದ್ದಾನೆ. ಮೂರು ವರ್ಷದಿಂದ ಆ ಹೆಂಗಸು ಹಿತ್ತಲ ಗೋಡೆಯ ಸಂದಿಯಿಂದ ಅಡ್ಡಡ್ಡ ನುಗ್ಗಿ ಮನೆ ಸೇರುತ್ತಾರೆ. ದಾವೆ ಹಾಕಿದರೆ, ಪರಮೇಶ್ವರಪ್ಪ ಇಲ್ಲದೆ ನಡೆಯದು. ಹಳೇ ವಿಳಾಸದಲ್ಲಿ ಪರಮೇಶ್ವರಪ್ಪ ಸಿಗರು. ಕೊನೆಗೆ ನಿಂಗರಾಜು ಕರೂರಿನಲ್ಲಿ ವೇಬ್ರಿಡ್ಜಿನ ಬೋರ್ಡ್ ಮೇಲೆ ಹೆಸರೂ ನಂಬರೂ ನೋಡಿ ಹಿಡಿದಿದ್ದ.

"ಸೈಟು ಮಾರಿದ್ದು ನಿಜವೋ ಅಲ್ಲವೋ, ಬರವಣಿಗೆಯಲ್ಲಿ ಕೊಡಿ" ಎಂದರು ನ್ಯಾಯಾಧೀಶೆ. "ವಕೀಲರನ್ನು ಇಟ್ಟುಕೊಳ್ಳಲು ಸಮಯ ಬೇಕಾದರೆ ಮುಂದಿನ ದಿನಾಂಕ ಕೊಡುತ್ತೇನೆ. ಇವತ್ತೇ ಹೇಳುವುದಿದ್ದರೆ ಊಟದ ನಂತರ ಬನ್ನಿ. ಹ್ಞಾಂ, ನಿಮ್ಮ ಜನಕ್ಕೆ ಹೇಳಿ, ಇಲ್ಲಿ ಯಾರಿಗೂ ಜಯವಾಗಲಿ ಎಂದು ಕೂಗುವುದಿಲ್ಲ. ತೀರ್ಪು ಬಂದ ಮೇಲೂ."

ಹೊರಗೆ ಬೇವಿನ ಮರದ ಕೆಳಗೆ ಸಂಘದ ತುರ್ತು ಸಭೆ ಸೇರಿದಂತಾಯಿತು. ವಿಷಯ ತಿಳಿದು ಬಕ್ಕೇಶ್ ಮೊದಲು ಸಿಟ್ಟಾದ: "ಅಂದ್ರೆ ನಾಲ್ಕು ಸಲ ನೀರು ಬಿಟ್ಟಿದ್ದು ಪುಕ್ಕಟೆನಾ?" ಯಾರೋ ತಮ್ಮ ಎಮ್ಮೆಯ ಮನವಿಯನ್ನು ವಾಪಸ್ ಕೇಳಿದರು. ಡೊಳ್ಳಿನವರು, "ಬಾರಿಸ್ಲಿ ಬಿಡ್ಲಿ, ಊಟ ಮಾತ್ರ ಕೊಡ್ಬೇಕು" ಎಂದರು. ಪರಮೇಶ್ವರಪ್ಪ ಮರದ ಸುತ್ತ ತಿರುಗುತ್ತಿದ್ದರು. ಕೈಯಲ್ಲಿದ್ದ ಹಾರದಿಂದ ದಳಗಳು ಉದುರಿ ಮರದ ಸುತ್ತ ಒಂದು ರಂಗೋಲಿಯೇ ಆಗಿತ್ತು.

ಆಗ ಗೋದಾಮಿನ ಯಜಮಾನ ಬಂದ. ಇಸ್ತ್ರಿ ಮಾಡಿದ ಅಂಗಿ, ಎರಡು ಫೋನು, ಒಳ್ಳೆಯ ಮಾತು.

"ನೀವು ಟಿಕೆಟ್ ಅಂದಿದ್ದು ಕೇಳಿಸ್ತು. ನಗೋರು ನಗಲಿ, ನಾನು ನಗಂಗಿಲ್ಲ. ನಾನು ಹೇಳಿದ್ರೆ ಕೇಳೋರು ಮ್ಯಾಲೆ ಅದಾರೆ. ನಿಮ್ಮ ವಾರ್ಡು ನಿಮಗೆ ಅಂತ ಇವತ್ತೇ ಫೋನ್ ಮಾಡಿಸ್ತೀನಿ."

ಪರಮೇಶ್ವರಪ್ಪ ತಿರುಗುವುದನ್ನು ನಿಲ್ಲಿಸಿದರು. "ನಾನೇನು ಮಾಡ್ಬೇಕು?"

"ಏನೂ ಸುಳ್ಳು ಹೇಳಬ್ಯಾಡ್ರಿ. ನೆನಪಿಲ್ಲ ಅನ್ರಿ. ಒಂದೇ ಶಬ್ದ."

ರುದ್ರಮುನಿಯವರು ಹತ್ತಿರ ಸರಿದು, "ನೆನಪಿಲ್ಲ ಅನ್ನೋದು ಸುಳ್ಳಾಗಂಗಿಲ್ಲ ಪರಮೇಶ್ವರಪ್ಪನೋರೇ. ವಯಸ್ಸಾತು, ಮರೆತೈತೆ. ಚರಂಡಿ ನೆನಪಿಟ್ರೆ ಸಾಕು" ಎಂದರು. ಇನ್ನೂ ನಾಲ್ಕಾರು ಮಂದಿ ತಲೆಯಾಡಿಸಿದರು. ಕಾರ್ಯದರ್ಶಿಯಾಗಿ ನಾನು ತಟಸ್ಥನಾಗಿದ್ದೆ. ಅಂದರೆ ನಾನೂ ಸ್ವಲ್ಪ ತಲೆಯಾಡಿಸಿದೆ. ಹಯಾತ್ ಸಾಬರು ಮಾತ್ರ ಮಂಡಕ್ಕಿ ಚೀಲದ ಬಾಯಿಯ ದಾರವನ್ನೇ ಬಿಚ್ಚುತ್ತ, ಕಟ್ಟುತ್ತ ಇದ್ದರು.

ಅಷ್ಟರಲ್ಲಿ ಪಡಸಾಲೆಯಿಂದ ಒಬ್ಬ ಹೆಂಗಸು ಇಳಿದು ಬಂದರು. ಅರವತ್ತು ದಾಟಿದ ವಯಸ್ಸು, ತೆಳ್ಳಗೆ, ತಲೆ ಮೇಲೆ ಸೆರಗು, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಚೀಲ. ಪರಮೇಶ್ವರಪ್ಪನವರ ಮುಖ ನೋಡುತ್ತ ನಿಂತರು.

"ದಪ್ಪ ಆಗೀರಿ" ಎಂದರು. "ಮೂಗಿಂದ ಗುರುತು ಹಿಡಿದೆ. ನಾನು ಮಾಬೂಬೀ. ದರ್ಜಿ ಮನಿಯಾಕೆ."

ಪರಮೇಶ್ವರಪ್ಪ ಮೂಗು ಮುಟ್ಟಿಕೊಂಡರು.

ಮಾಬೂಬೀ ಸುತ್ತ ನೋಡಿದರು. ಬೈಕಿನ ಮೇಲೆ ಕೂತವರು, ಟೆಂಪೊದಿಂದ ಕಾಲು ಇಳಿಬಿಟ್ಟವರು, ಡೊಳ್ಳು, ಹೂವು. "ಇವರೆಲ್ಲಾ ಯಾರು ಭೈಯಾ? ನನ್ನ ಸಾಕ್ಷಿಗಾ?" ಉತ್ತರಕ್ಕೂ ಅವರು ಕಾಯಲಿಲ್ಲ. "ಮೂರು ವರ್ಷದಿಂದ ಎಲ್ಲಾರೂ ಅಂದ್ರು, ಆ ಮನುಷ್ಯ ಸಿಗಂಗಿಲ್ಲ, ಸಿಕ್ರೂ ಬರಂಗಿಲ್ಲ, ಬಂದ್ರೂ ಆ ಕಡೆ ಸೇರ್ಕೊಂತಾನೆ ಅಂತ. ನಮ್ಮೋರು ಹೋಗೋ ಮುಂಚೆ ಏನಂದ್ರು ಗೊತ್ತೇನು? ಕಾಗದ ಆಗ್ಲಿಲ್ಲ, ಆದ್ರೆ ಕರೆದ್ರೆ ಬರ್ತಾನೆ ಅಂದ್ರು. ನೀವು ನೋಡಿದ್ರೆ ಊರನ್ನೇ ಕಟ್ಕೊಂಡು ಬಂದೀರಿ!" ಸೆರಗಿನಿಂದ ಕಣ್ಣೊರೆಸಿಕೊಂಡು ನಮಗೆಲ್ಲ ಒಟ್ಟಿಗೆ ಕೈ ಮುಗಿದರು.

ಡೊಳ್ಳಿನವರೂ ಎದ್ದು ನಿಂತು ಕೈ ಮುಗಿದರು. ನಾನು ಫೈಲನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಗೋದಾಮಿನ ಯಜಮಾನ ಮೆಲ್ಲಗೆ ಕೆಮ್ಮಿದ. ಪರಮೇಶ್ವರಪ್ಪ ಅವನ ಕಡೆ ನೋಡಲಿಲ್ಲ.

"ಹೂಂ ಅವ್ವಾ" ಎಂದರು. "ನಿಮಗೋಸ್ಕರಾನೇ ಬಂದೀವಿ."

ಇಷ್ಟು ದೊಡ್ಡ ಸುಳ್ಳನ್ನು ಒಂದು ನ್ಯಾಯಾಲಯದ ಆವರಣದಲ್ಲಿ ಅಷ್ಟು ಸರಾಗವಾಗಿ ಯಾರೂ ಹೇಳಿರಲಾರರು. ಆದರೆ ನಲವತ್ತು ಜನರಲ್ಲಿ ಒಬ್ಬರೂ ಅದನ್ನು ಅಲ್ಲಗಳೆಯಲಿಲ್ಲ. ರುದ್ರಮುನಿಯವರು ಮಾತ್ರ ಮುಖ ಕೆಂಪಗೆ ಮಾಡಿಕೊಂಡು ಬೊಲೆರೊ ಹತ್ತಿ, ಅದರಲ್ಲಿ ಬಂದಿದ್ದ ಏಳು ಜನರನ್ನು ಅಲ್ಲೇ ಬಿಟ್ಟು ದಾವಣಗೆರೆಗೆ ಹೋದರು.

ಊಟದ ನಂತರ ನಿಂಗರಾಜು ಬೆಂಚಿನ ಮೇಲೆ ಹಾಳೆ ಇಟ್ಟು ಬರೆದುಕೊಟ್ಟ. ಪರಮೇಶ್ವರಪ್ಪ ಅದನ್ನು ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದರು.

ನ್ಯಾಯಾಧೀಶೆ ಹಾಳೆಯನ್ನು ನೋಡಿ ಕೇಳಿದರು, "ಇದು ನಿಮ್ಮದೇ ಹೇಳಿಕೆಯೋ? ಯಾರ ಒತ್ತಾಯವೂ ಇಲ್ಲವೋ? ಇಪ್ಪತ್ತೆರಡು ವರ್ಷದ ಮಾತು, ನೆನಪಿದೆಯೇ?"

ಗೋದಾಮಿನ ಯಜಮಾನನ ವಕೀಲರು ಕುರ್ಚಿಯ ತುದಿಗೆ ಬಂದರು.

"ನೆನಪೈತೆ ತಾಯಿ" ಎಂದರು ಪರಮೇಶ್ವರಪ್ಪ. "ಮಂಗಳವಾರ. ಹೊಲಿಗೆ ಮಷೀನ್ ಮ್ಯಾಲೇ ಕಾಗದ ಇಟ್ಟು ಸಹಿ ಹಾಕಿದೆ. ಅವರ ಯಜಮಾನ್ರು ನನ್ನನ್ನ ಸೈಕಲ್ ಮ್ಯಾಲೆ ಕೂರಿಸ್ಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ರು. ನಾಳೆ ಬಂದು ರಿಜಿಸ್ಟರ್ ಮಾಡಿಕೊಡ್ತೀನಿ ಅಂದೆ."

"ನಾಳೆ?"

"ವೇಬ್ರಿಡ್ಜ್ ಹಾಕೋ ಗಡಿಬಿಡಿ ಇತ್ರಿ." ಅವರು ತಲೆ ತಗ್ಗಿಸಿದರು. "ಅವರು ಎರಡು ಸಲ ಹುಡುಕ್ಕೊಂಡು ಬಂದಿದ್ರು. ಎರಡು ಸಲಾನೂ ಕೂತು ಮಾತಾಡೋಕೆ ನನಗೆ ಪುರಸೊತ್ತಿರಲಿಲ್ಲ. ತಪ್ಪು ನಂದು. ಸೈಟು ಅವರದ್ದೇ. ಯಾವತ್ತು ಅಂದ್ರೆ ಅವತ್ತು ರಿಜಿಸ್ಟರ್ ಮಾಡಿಕೊಡ್ತೀನಿ."

 ನ್ಯಾಯಾಧೀಶೆ ಬೆರಳಚ್ಚುಗಾರರ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಎರಡನೇ ಪ್ರತಿವಾದಿಯನ್ನು ಪಕ್ಷಕಾರರನ್ನಾಗಿ ಸೇರಿಸಿಕೊಳ್ಳಲಾಗಿದೆ. ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ." ಬಾಗಿಲಲ್ಲಿ ನಿಂತಿದ್ದ ನಮ್ಮ ಬಕ್ಕೇಶ್ ಅಭ್ಯಾಸಬಲದಿಂದ ಬಾಯಿ ತೆರೆದ, ಹಯಾತ್ ಸಾಬರು ಅವನ ಬಾಯಿಗೆ ಒಂದು ಇಡೀ ಬಜ್ಜಿಯನ್ನು ತುರುಕಿದರು.

ಸೈಟು ಯಾರ ಹೆಸರಿನಲ್ಲಿತ್ತೋ ಆ ಮನುಷ್ಯನೇ ಹೀಗೆ ಹೇಳಿದ ಮೇಲೆ ಗೋದಾಮಿನ ವಕೀಲರಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಸಂಜೆಯೊಳಗೆ ಬಿದಿರು ತೆಗೆಯುತ್ತೇವೆ ಎಂದು ಅವರು ಒಪ್ಪಿಕೊಂಡರು. ಮುಂದಿನ ತಿಂಗಳು ನೋಂದಣಿಯೂ ಆಯಿತು, ನಾನೇ ಸಾಕ್ಷಿ ಹಾಕಿದೆ. ಆದರೆ ಹೇಳಬೇಕಾದದ್ದು ಆ ಸಂಜೆಯದು.

"ತೆಗಿತಾರೋ ಇಲ್ವೋ ನೋಡೇ ಹೋಗೋಣ" ಎಂದರು ಪರಮೇಶ್ವರಪ್ಪ. ಮೂವತ್ತೊಂಬತ್ತು ಜನ ಮಾಬೂಬೀಯ ಹಿಂದೆ ನಡೆದೆವು. ಓಣಿ ಎಷ್ಟು ಕಿರಿದೆಂದರೆ ಡೊಳ್ಳುಗಳನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಯಿತು. ಮನೆಯ ಮುಂದೆ ಆಳೆತ್ತರ ಬಿದಿರು. ಅದರ ಹಿಂದೆ ಬಾಗಿಲಿನ ಮೇಲಿನ ಚೌಕಟ್ಟು ಮಾತ್ರ ಕಾಣುತ್ತಿತ್ತು. ಗೋದಾಮಿನ ಆಳುಗಳು ಬೀಡಿ ಸೇದುತ್ತ ಕೂತಿದ್ದರು, "ನಾಳೆ ತೆಗಿತೀವಿ" ಎನ್ನುವ ಮುಖ ಮಾಡಿಕೊಂಡು. ಓಣಿಯ ತಿರುವಿನಿಂದ ಒಬ್ಬರ ಹಿಂದೊಬ್ಬರು ಮೂವತ್ತೊಂಬತ್ತು ಜನ ಬರುತ್ತಲೇ ಇದ್ದುದನ್ನು ನೋಡಿ ಬೀಡಿ ಎಸೆದು ಎದ್ದರು. ನಾವು ಗೋಡೆಗೆ ಒರಗಿ ಮಂಡಕ್ಕಿ ತಿನ್ನುತ್ತ ನಿಂತೆವು. ಅರ್ಧ ಗಂಟೆಯಲ್ಲಿ ಕೊನೆಯ ಬಿದಿರೂ ಹೋಯಿತು.

ಬಾಗಿಲು ಹಸಿರು ಬಣ್ಣದ್ದು. ಗೆದ್ದಲು ಹತ್ತಿತ್ತು. ಮಾಬೂಬೀ ಪ್ಲಾಸ್ಟಿಕ್ ಚೀಲದ ತಳದಿಂದ ಬೀಗದ ಕೈ ತೆಗೆದರು. ತುಕ್ಕು ಹಿಡಿದ ಬೀಗಕ್ಕೆ ಹಯಾತ್ ಸಾಬರು ಬಜ್ಜಿಯ ಎಣ್ಣೆ ಹಚ್ಚಿಕೊಟ್ಟರು. ಬಾಗಿಲು ದೊಡ್ಡ ಸದ್ದು ಮಾಡಿ ತೆರೆಯಿತು.

ಆ ಹೆಂಗಸು ಹೊಸ್ತಿಲು ದಾಟಿ ಒಳಗೆ ಹೋದರು. ಹೊರಗೆ ಬಂದರು. ಮತ್ತೆ ಒಳಗೆ ಹೋದರು, ಮತ್ತೆ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತು ಎರಡೂ ಕೈ ಚಾಚಿ ಚೌಕಟ್ಟಿನ ಅಗಲ ನೋಡಿದರು. ಮೂವತ್ತೊಂಬತ್ತು ಜನರನ್ನು ಕೂರಿಸಲು ಅಲ್ಲಿ ಜಾಗವಿರಲಿಲ್ಲ, ಎರಡು ಚಾಪೆ, ಒಂದು ಹೊಲಿಗೆ ಮಷೀನು, ಅಷ್ಟೆ.

"ಕೂಡ್ರೋದು ಬ್ಯಾಡ" ಎಂದರು ಮಾಬೂಬೀ. "ಒಬ್ಬೊಬ್ರೇ ಬರ್ರಿ, ಒಂದು ಲೋಟ ನೀರು ಕುಡ್ದು ಹೋಗ್ರಿ. ಆದ್ರೆ ಎಲ್ಲಾರೂ ಬಾಗ್ಲಿಂದಾನೇ ಬರ್ಬೇಕು."

ಪರಮೇಶ್ವರಪ್ಪ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಮೊದಲು ಒಳಗೆ ಹೋದರು. ಅವರ ಹಿಂದೆ ನಾವು ಸಾಲಾಗಿ ನಿಂತೆವು.